ಲೆನ್ಸ್ ಕೊಳ್ಳುವ ಮೊದಲು ಕೈಯಾಲೆ ಅಳೆಯಿರಿ

ಪುತ್ತರಿ ಮುಗಿದು ನಾಲ್ಕು ದಿನವಾಗಿತ್ತು. ಕೊಡಗಿನ ಕಕ್ಕಬ್ಬೆ ಕಡೆಯ ಆ ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ, ಬಂದಿದ್ದ ಮಕ್ಕಳು, ಮೊಮ್ಮಕ್ಕಳು ಇನ್ನೂ ಹೊರಟಿರಲಿಲ್ಲ. ಎಲ್ಲರೂ ಇರುವಾಗಲೇ ಒಬ್ಬೊಬ್ಬರದೂ ಒಂದು ಒಳ್ಳೆಯ ಭಾವಚಿತ್ರ ಆಗಿಬಿಡಲಿ ಎಂದು ಮನೆಯವರ ಆಸೆ. ಅವರಲ್ಲಿದ್ದದ್ದು ನಿಕಾನ್‌ನ ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ) ಡಿಎಸ್‌ಎಲ್‌ಆರ್, ಜೊತೆಗೆ 18-55 ಮತ್ತು 55-200 ಎಂಎಂ ಜೂಮ್‌ಗಳು. ಎಂಎಂ ಹೆಚ್ಚಿದಷ್ಟೂ ನೋಟ ಕಿರಿದು. ಇನ್ನೊಂದು ಪ್ರೈಮ್ ಲೆನ್ಸ್‌ಗೆ, ಅಂದರೆ ಜೂಮ್ ಆಗದ ಲೆನ್ಸ್‌ಗೆ, ಹಣ ಕೂಡಿಟ್ಟಿದ್ದರು. ಒಂದಕ್ಕೆ ಮಾತ್ರ. ಪೋರ್ಟ್ರೇಟ್ ಅಂದರೆ 85 ಎಂಎಂ ಎಂದು ಎಲ್ಲರೂ ಹೇಳುವುದರಿಂದ ಅದೇ ಬೇಕೆಂದು ಹೆಚ್ಚುಕಡಿಮೆ ತೀರ್ಮಾನವೂ ಆಗಿತ್ತು. ನಾವು ಎರವಲು ತಂದ 35, 50, 85 ಮೂರೂ ನಮ್ಮ ಚೀಲದಲ್ಲಿದ್ದವು, ಮೂರೂ ಎಫ್ 1.8. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು. ಬೆಳಿಗ್ಗೆ ಚೀಲದಿಂದ ಮೊದಲು ತೆಗೆದದ್ದು ಮಾತ್ರ ಬಡಗಿಯ ಅಳತೆ ಟೇಪು.

ಕೈಯಾಲೆಯ, ಅಂದರೆ ಮನೆಯ ಮುಂದಿನ ಕಂಬದ ಜಗಲಿಯ, ಅಗಲ ಗೋಡೆಯಿಂದ ಐಮರದ (ಕಂಬಗಳ ನಡುವಿನ ಮರದ ಆಸನದ) ಅಂಚಿನವರೆಗೆ 2.4 ಮೀಟರ್ ಬಂತು. ಅಂಗಳದ ಬೆಳಕು ಮುಖಕ್ಕೆ ನೇರ ಬೀಳಬೇಕಾದರೆ ಕೂರುವವರು ಗೋಡೆಯ ಕಡೆ ಇರಬೇಕು. ಬೆನ್ನಿನ ನೆರಳು ಗೋಡೆಗೆ ಅಂಟಿಕೊಳ್ಳದಂತೆ ಒಂದು ಅಡಿಯಾದರೂ ಮುಂದೆ ಬರಬೇಕು. ಉಳಿದದ್ದು ಎರಡು ಮೀಟರ್. ಕ್ರಾಪ್ ಸೆನ್ಸರ್ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ತಲೆಯಿಂದ ಎದೆಯವರೆಗೆ, ಅಂದರೆ ಸುಮಾರು 60 ಸೆಂ.ಮೀ. ತುಂಬಿಸಲು 50 ಎಂಎಂಗೆ 1.3 ಮೀಟರ್ ಸಾಕು. 85ಕ್ಕೆ 2.25 ಬೇಕು. ಸೊಂಟದವರೆಗೆ ಬೇಕೆಂದರೆ 50ಕ್ಕೆ ಎರಡು ಮೀಟರ್, 85ಕ್ಕೆ ಮೂರೂಕಾಲು ದಾಟುತ್ತದೆ. ನಿಂತ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ಹಿಡಿಯಲು 35 ಎಂಎಂಗೆ ಮೂರು ಮೀಟರ್, 50ಕ್ಕೆ ನಾಲ್ಕೂಕಾಲು, 85ಕ್ಕೆ ಏಳಕ್ಕೂ ಹೆಚ್ಚು. ಇಷ್ಟು ಲೆಕ್ಕ ಮೊದಲೇ ಗೊತ್ತಿದ್ದರೆ ಅಂಗಡಿಯಲ್ಲಿ ಅರ್ಧ ಗೊಂದಲ ತೀರುತ್ತದೆ.

ಅಂಗಳಕ್ಕೆ ಇಳಿದು ತೆಗೆಯಬಹುದಲ್ಲ ಎಂದರೆ, ಇಳಿದು ನೋಡಿದ್ದೂ ಆಯಿತು. ಅಂಗಳ ಕೈಯಾಲೆಗಿಂತ ತಗ್ಗಿನಲ್ಲಿದೆ. ಕ್ಯಾಮೆರಾ ಕೆಳಗಾದಷ್ಟೂ ಮೂಗಿನ ಹೊಳ್ಳೆ, ಗದ್ದದ ಅಡಿಭಾಗ ಕಾಣುತ್ತದೆ, ಜೊತೆಗೆ ಕಂಬ ಅಡ್ಡ. ಕೈಯಾಲೆಯ ಉದ್ದಕ್ಕೆ ನಿಂತರೆ 85ಕ್ಕೂ ಜಾಗ ಸಿಗುತ್ತದೆ. ಆದರೆ ಬೆಳಕು ಒಂದೇ ಪಕ್ಕದಿಂದ ಬಂದು ಅರ್ಧ ಮುಖ ಕಪ್ಪಾಗುತ್ತದೆ. ಗೋಡೆಯ ಕಡೆ ಬಿಳಿ ಪಂಚೆ ಎತ್ತಿ ಹಿಡಿದರೆ ಅದು ಸರಿಹೋಗುತ್ತದೆ, ಹಿಡಿಯಲು ಒಬ್ಬರು ಬೇಕು ಅಷ್ಟೆ. ಅಂದ ಹಾಗೆ, ಕೆಂಪು ರೆಡ್‌ಆಕ್ಸೈಡ್ ನೆಲಕ್ಕೆ ಬಿಸಿಲು ಬಿದ್ದರೆ ಗದ್ದದ ಕೆಳಗೆಲ್ಲ ಕೆಂಪು ಛಾಯೆ ಏರುತ್ತದೆ. ಯಾವ ಲೆನ್ಸ್ ಹಾಕಿದರೂ ಅದು ಹೋಗದು, ನೆಲಕ್ಕೆ ಬಿಳಿ ಬಟ್ಟೆ ಹಾಸಬೇಕು.

ಮೊದಲು ಕೂತವರು ಮನೆಯ ಅಜ್ಜಿ. ತಲೆಗೆ ಬಿಳಿ ವಸ್ತ್ರ, ಕೊರಳಲ್ಲಿ ಕೊಡವರ ಪದಕದ ಹಾರ ಕೊಕ್ಕೆತಾತಿ. 35 ಎಂಎಂ ಹಾಕಿ ಮುಖ ತುಂಬಿಸಲು ಅರ್ಧ ಮೀಟರ್‌ವರೆಗೆ ಹೋದಾಗ ಅಜ್ಜಿಯೇ ಹೇಳಿದರು: “ಇಷ್ಟು ಹತ್ರ ಬಂದ್ರೆ ನಾನು ಎಲ್ಲಿಗೆ ನೋಡುವುದು ಮಗಾ?” ಅವರ ಮಾತು ಸರಿ, ಚಿತ್ರವೂ ಅದನ್ನೇ ತೋರಿಸಿತು. ಮೂಗಿನ ತುದಿಗೂ ಕಿವಿಗೂ ಆಳದಲ್ಲಿ ಸುಮಾರು 12 ಸೆಂ.ಮೀ. ಅಂತರವಿದೆ ಎಂದುಕೊಳ್ಳಿ. ಅರ್ಧ ಮೀಟರ್‌ನಿಂದ ನೋಡಿದರೆ ಕಿವಿಗೆ ಹೋಲಿಸಿ ಮೂಗು ಶೇ. 24ರಷ್ಟು ಹಿಗ್ಗುತ್ತದೆ. ಒಂದೂವರೆ ಮೀಟರ್‌ನಿಂದಾದರೆ ಶೇ. 8 ಮಾತ್ರ. ಮುಖದ ಆಕಾರ ಕೆಡಿಸುವುದು ಲೆನ್ಸ್ ಎಂದು ಎಲ್ಲರೂ ಬಯ್ಯುತ್ತಾರೆ, ಕೆಡಿಸುವುದು ದೂರ. 35ರಲ್ಲೇ ಒಂದೂವರೆ ಮೀಟರ್ ಹಿಂದೆ ನಿಂತು ತೆಗೆದು ಆಮೇಲೆ ಕತ್ತರಿಸಿದರೆ ಮೂಗು, ಕಿವಿ 50ರಲ್ಲಿ ಬಂದ ಹಾಗೆಯೇ ಬರುತ್ತವೆ, ಪಿಕ್ಸೆಲ್ ಕಡಿಮೆಯಾಗುತ್ತವೆ ಅಷ್ಟೇ.

50 ಎಂಎಂ, 1.3 ಮೀಟರ್, ಎಫ್ 1.8. ಹಿಂದಿನ ಬಾಗಿಲು ಚೆನ್ನಾಗಿ ಕರಗಿತ್ತು. ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಕೊಕ್ಕೆತಾತಿಯ ಚಿನ್ನದ ಗುಂಡು ಸ್ಪಷ್ಟ, ಕಿವಿಯ ಓಲೆ ಸ್ಪಷ್ಟ, ಕಣ್ಣು ಮಾತ್ರ ಮಸುಕು. ಇದಕ್ಕೆ ಲೆನ್ಸ್ ಕಾರಣವಲ್ಲ. ಈ ಅಳತೆಯಲ್ಲಿ ಸ್ಪಷ್ಟವಾಗಿ ಬರುವ ಆಳ ಒಟ್ಟು 5 ಸೆಂ.ಮೀ., ಕಣ್ಣಿನ ಹಿಂದೆ ಎರಡೂವರೆ, ಮುಂದೆ ಎರಡೂವರೆ. ನಡುವಿನ ಪಾಯಿಂಟಿನಲ್ಲಿ ಕಣ್ಣಿಗೆ ಫೋಕಸ್ ಹಿಡಿದು, ಚೌಕಟ್ಟು ಸರಿಮಾಡಲು ಕ್ಯಾಮೆರಾವನ್ನು 10 ಡಿಗ್ರಿ ತಿರುಗಿಸಿದರೆ ಫೋಕಸ್ ಎರಡು ಸೆಂ.ಮೀ. ಹಿಂದಕ್ಕೆ ಜಾರುತ್ತದೆ. ಅಜ್ಜಿ ಉಸಿರೆಳೆದು ಒಂದಿಷ್ಟು ಮುಂದೆ ಬಾಗಿದರೂ ಮುಗಿಯಿತು, ಕಣ್ಣು ಹೋಗಿ ಕಿವಿ ಬಂದಿರುತ್ತದೆ. ಆದ್ದರಿಂದ ಫೋಕಸ್ ಪಾಯಿಂಟನ್ನೇ ಕಣ್ಣಿನ ಮೇಲಕ್ಕೆ ಸರಿಸಿ, ಆಮೇಲೆ ಕ್ಯಾಮೆರಾ ಅಲುಗಿಸಬೇಡಿ. ಮುಖ ಓರೆಯಾಗಿದ್ದರೆ ಹತ್ತಿರದ ಕಣ್ಣಿಗೆ ಹಿಡಿಯಿರಿ. 45 ಡಿಗ್ರಿ ತಿರುಗಿದ ಮುಖದಲ್ಲಿ ಎರಡು ಕಣ್ಣುಗಳ ನಡುವೆ ನಾಲ್ಕೂವರೆ ಸೆಂ.ಮೀ. ಆಳ ಇರುತ್ತದೆ, ಹತ್ತಿರದ ಕಣ್ಣಿಗೆ ಹಿಡಿದರೆ ಅದರ ಹಿಂದೆ ಸಿಗುವುದು ಎರಡೂವರೆ ಮಾತ್ರ, ಹಾಗಾಗಿ ಎಫ್ 1.8ರಲ್ಲಿ ಎರಡೂ ಒಟ್ಟಿಗೆ ಸಿಗಲಾರವು. ಅಪರ್ಚರನ್ನು ಎಫ್ 2.8ಕ್ಕೆ ಕಿರಿದಾಗಿಸಿದರೆ ಒಟ್ಟು ಆಳ ಏಳೂವರೆ ಸೆಂ.ಮೀ., ಎಫ್ 4ಕ್ಕೆ ಸುಮಾರು 11. ಅಜ್ಜಿಯ ಚಿತ್ರ ಕೂತದ್ದು ಎಫ್ 3.2ರಲ್ಲಿ.

ಎಫ್ 1.8ರಲ್ಲಿ ಇನ್ನೊಂದು ತೊಂದರೆಯೂ ಕಂಡಿತು. ಬಿಸಿಲು ತಾಗಿದ ಬಿಳಿ ವಸ್ತ್ರದ ಅಂಚಿಗೆ ಕಪ್ಪು ಬಾಗಿಲಿನ ಎದುರು ನೇರಳೆ ಗೆರೆ. ದೊಡ್ಡ ಅಪರ್ಚರಿನ ಅಗ್ಗದ ಲೆನ್ಸ್‌ಗಳಲ್ಲಿ ಬಣ್ಣಗಳೆಲ್ಲ ಒಂದೇ ಆಳದಲ್ಲಿ ಕೂಡುವುದಿಲ್ಲ, ಅದರಿಂದ ಫೋಕಸ್‌ಗಿಂತ ಮುಂದೆ ನೇರಳೆ, ಹಿಂದೆ ಹಸಿರು. ಎಫ್ 2.8 ಆಗುತ್ತಲೇ ಬಹುಪಾಲು ಅಳಿಯಿತು. ಕಪ್ಪು ಕುಪ್ಯ (ಕೊಡವ ನಿಲುವಂಗಿ), ಕೆಂಪು ಚೇಲೆ (ಸೊಂಟಪಟ್ಟಿ) ತೊಟ್ಟ ಗಂಡಸರಲ್ಲಿ ಈ ಕಾಟ ಕಡಿಮೆ. ಅಲ್ಲಿ ಕ್ಯಾಮೆರಾ ಕಪ್ಪಿಗೆ ಹೆದರಿ ಮುಖ ಬೆಳ್ಳಗಾಗಿಸುತ್ತದೆ, ಎಕ್ಸ್‌ಪೋಶರ್ ಮೂರನೇ ಎರಡು ಸ್ಟಾಪ್ (ಕ್ಯಾಮೆರಾದಲ್ಲಿ -0.7) ಇಳಿಸಿದರೆ ಆಯಿತು.

85 ಎಂಎಂ ತನ್ನ ಗುಣ ತೋರಿಸಿದ್ದು ಮನೆಯ ಪಕ್ಕದ ಕಣದಲ್ಲಿ. ಅರೇಬಿಕಾ ಹಣ್ಣು ಹರವಿದ್ದ ಆ ಬಯಲಿನಲ್ಲಿ ಎಂಟು ಮೀಟರ್ ಹಿಂದೆ ಸರಿಯಲು ಅಡ್ಡಿಯಿರಲಿಲ್ಲ. ಚೌಕಟ್ಟು ಒಂದೇ, ಎಫ್ ಸಂಖ್ಯೆ ಒಂದೇ ಆದರೆ ಮುಖದ ಮೇಲೆ ಸ್ಪಷ್ಟ ಬರುವ ಆಳ 50ರಲ್ಲೂ 85ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ದೂರದ ಹಿನ್ನೆಲೆ. ಅದರ ಲೆಕ್ಕ ಸುಲಭ: ಫೋಕಲ್ ಲೆಂತನ್ನು, ಅಂದರೆ ಲೆನ್ಸ್‌ನ ಎಂಎಂ ಸಂಖ್ಯೆಯನ್ನು, ಎಫ್ ಸಂಖ್ಯೆಯಿಂದ ಭಾಗಿಸಿ. 50 ಎಂಎಂ ಎಫ್ 1.8 ಅಂದರೆ 28, 85 ಎಂಎಂ ಎಫ್ 1.8 ಅಂದರೆ 47. ಈ ಸಂಖ್ಯೆ ದೊಡ್ಡದಾದಷ್ಟೂ ದೂರದ ಸಿಲ್ವರ್ ಓಕ್ ಮರಗಳು ಮೆತ್ತಗೆ ಕರಗುತ್ತವೆ. ಮನೆಯಲ್ಲೇ ಇದ್ದ ಹಳೆಯ 55-200ನ್ನು 200ಕ್ಕೆ ಎಳೆದು ಎಫ್ 5.6ರಲ್ಲಿ ಭಾಗಿಸಿದರೆ 36. ಅಂದರೆ ಜಾಗ, ಬೆಳಕು ಎರಡೂ ಇರುವಲ್ಲಿ ಆ ಜೂಮ್ ಹೊಸ 50ಕ್ಕಿಂತ ಹೆಚ್ಚು ಮಸುಕು ಕೊಡುತ್ತದೆ. ಇದನ್ನು ಕೇಳಿ ಮನೆಯವರಿಗೆ ನಂಬಿಕೆ ಬರಲಿಲ್ಲ, ತೆಗೆದು ತೋರಿಸಬೇಕಾಯಿತು.

ತೋಟದೊಳಗೆ ಕತೆಯೇ ಬೇರೆ. ರೊಬಸ್ಟಾ ಗಿಡಗಳು ಹತ್ತು ಅಡಿಗೊಂದು, ರೆಂಬೆಗಳು ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಹಿಂದೆ ಸರಿದರೆ ನಡುವೆ ಎಲೆ ಬರುತ್ತದೆ. ಸಂಜೆ ನಾಲ್ಕಕ್ಕೇ ಬೆಳಕು ಇಳಿದಿತ್ತು. ಎಫ್ 1.8ರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 400 ಸಾಕಾದ ಕಡೆ ಎಫ್ 5.6ಕ್ಕೆ 4000 ಬೇಕಾಯಿತು. ಪ್ರೈಮ್‌ಗೆ ಕೊಡುವ ಹಣ ಈ ಬೆಳಕಿಗಾಗಿ. ಶಟರ್ ಸ್ಪೀಡ್ ಸೆಕೆಂಡಿನ 1/200ಕ್ಕಿಂತ ಕೆಳಗೆ ಬಿಡಬೇಡಿ, ಕೈ ನಡುಗದಿದ್ದರೂ ಎದುರಿನವರು ಅಲುಗುತ್ತಾರೆ. ಹೊಳೆಯುವ ಕಾಫಿ ಎಲೆಗಳ ಮೇಲಿನ ಬೆಳಕಿನ ಚುಕ್ಕೆಗಳು ಚೌಕಟ್ಟಿನ ನಡುವೆ ದುಂಡಗೆ, ಅಂಚಿನಲ್ಲಿ ನಿಂಬೆಹಣ್ಣಿನ ಆಕಾರಕ್ಕೆ ಬಂದವು. ಎಫ್ 2.8ರಲ್ಲಿ ಅಂಚಿನವೂ ದುಂಡಗಾಗತೊಡಗಿದವು. ಗಿಡಕ್ಕೆ ಒರಗಿ ನಿಂತವರನ್ನು ಮೂರು ಮೀಟರ್ ಮುಂದೆ ಕರೆದರೆ, ಹಿನ್ನೆಲೆಯ ಮಸುಕಿನಲ್ಲಿ ಲೆನ್ಸ್ ಬದಲಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ.

ಕೊನೆಗೆ ಆ ಮನೆಗೆ ಆರಿಸಿದ್ದು 50 ಎಂಎಂ. ಫುಲ್ ಫ್ರೇಮ್ ಕ್ಯಾಮೆರಾ ಇದ್ದಿದ್ದರೆ ನಮ್ಮ ಮಾತು 85ರ ಕಡೆಗೇ ಇರುತ್ತಿತ್ತು, ಏಕೆಂದರೆ ಅಲ್ಲಿ 85 ಕೊಡುವ ನೋಟ ಕ್ರಾಪ್‌ನಲ್ಲಿ ಸುಮಾರು 56 ಎಂಎಂ ಕೊಡುತ್ತದೆ. ನಿಮ್ಮ ಮನೆಗೆ ಯಾವುದೆಂದು ತಿಳಿಯಲು ಕಿಟ್ ಜೂಮ್‌ನ, ಅಂದರೆ ಕ್ಯಾಮೆರಾ ಜೊತೆ ಬರುವ 18-55ರ, ರಿಂಗನ್ನು 50ಕ್ಕೆ ಇಟ್ಟು ಟೇಪ್ ಅಂಟಿಸಿ ಒಂದು ದಿನ ತೆಗೆಯಿರಿ, ಮರುದಿನ 35ಕ್ಕೆ. ಎಷ್ಟು ಸಲ ಬೆನ್ನು ಗೋಡೆಗೆ ತಾಗಿತು ಎಂದು ಗಮನಿಸಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಎರಡು ವಿಷಯ. ನಿಕಾನ್‌ನ ಹಳೆಯ 50 ಎಂಎಂ ಎಫ್ 1.8 ಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರೊಳಗೆ ಮೋಟಾರ್ ಇಲ್ಲ. ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲೂ ಇಲ್ಲ, ಹಾಗಾಗಿ ಆಟೊಫೋಕಸ್ ಆಗದು. ಎಎಫ್-ಎಸ್ ಎಂದು ಬರೆದಿರುವುದನ್ನೇ ಕೇಳಿ. ಇನ್ನೊಂದು, ಕೊಡಗಿನ ಮಳೆಗಾಲ ಕಪಾಟಿನಲ್ಲಿ ಕಳೆದ ಲೆನ್ಸ್. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಓರೆಯಾಗಿ ಬಿಟ್ಟು, ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಒರೆಸಿದರೂ ಗಾಜಿನ ಕೋಟಿಂಗ್ ಮೇಲೆ ಗುರುತು ಉಳಿಯಬಹುದು. ಅಂಥದ್ದನ್ನು ಬಿಟ್ಟುಬಿಡಿ. ಜೂನ್ ಬರುವ ಮೊದಲು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಾಯಿಸುವ ಸಿಲಿಕಾ ಜೆಲ್, ಸಣ್ಣ ಹೈಗ್ರೋಮೀಟರ್ ತಂದಿಡಿ. ಮುಳ್ಳು ಶೇ. 40ರಿಂದ 50ರ ನಡುವೆ ಇರಬೇಕು. ಚರ್ಮದ ಕೇಸ್ ತೇವ ಹಿಡಿದಿಡುತ್ತದೆ, ಅದನ್ನು ಡಬ್ಬಿಯ ಹೊರಗೇ ಇಡಿ.