ಆಯಿಯ ಒವನ್‌ನಲ್ಲಿ ಬೆಂದ ಬೋಲ್ಟ್‌ಗಳು

ನನ್ನ ಹಳೆಯ ಪದ್ಮಿನಿ ಕಾರಿನ 22 ಬೋಲ್ಟ್‌ಗಳು ಹಾಳಾದವು. ಎರಡನೆಯ ಸಲ. ಹುಬ್ಬಳ್ಳಿಯಲ್ಲಿ ಸತುವಿನ ಲೇಪ ಹಾಕಿಸಿ ತಂದಾಗ ಜೇನಿನಲ್ಲಿ ಅದ್ದಿದಂತಿದ್ದವು, ಈಗ ಅಕ್ಕಿಹಿಟ್ಟಿನಲ್ಲಿ ಹೊರಳಿಸಿದಂತಿವೆ. ಕಾರವಾರದ ಗಾಳಿಗೆ ಸತುವಿನ ಲೇಪ ಬಿಳಿ ತುಕ್ಕು ಹಿಡಿಯುವುದು ಹೊಸತಲ್ಲ. ಆದರೆ ಮೂರೇ ವಾರದಲ್ಲಿ, ಅದೂ ಶೆಡ್ಡಿನೊಳಗಿನ ಡಬ್ಬಿಯಲ್ಲಿ?

ತಳದ ವೆಲ್ಡಿಂಗ್, ಪುಟ್ಟಿ, ಪ್ರೈಮರ್ ಎಲ್ಲ ಮುಗಿದಿದೆ. ಆ ಕಥೆ ಹಳೆಯ ಕಾರು ಸರಿಪಡಿಸುವ ನಿಮ್ಮೆಲ್ಲರ ಮನೆಯಲ್ಲೂ ನಡೆದದ್ದೇ. ನನ್ನನ್ನು ಕಾಡುತ್ತಿರುವುದು ಬಾನೆಟ್‌ನ ಅಡಿಯ ಸಣ್ಣ ಸಾಮಾನು. ಹಳೆಯ ಬೋಲ್ಟಿನ ತಲೆ ನೋಡಿದರೆ ಮೂಲ ಫಿನಿಶ್ ತಿಳಿಯುವುದಿಲ್ಲ. ಅಲ್ಲಿರುವುದು ತುಕ್ಕು, ಗ್ರೀಸು, ಹಿಂದಿನ ಮೆಕ್ಯಾನಿಕ್ ಬಳಿದ ಬೆಳ್ಳಿ ಬಣ್ಣ. ವಾಷರ್ ಎತ್ತಿ ನೋಡಬೇಕು. ನನ್ನ ಕಾರಿನಲ್ಲಿ ಕಾರ್ಬ್ಯುರೇಟರ್ ಪಕ್ಕದ ಬ್ರಾಕೆಟ್ಟಿನಡಿ ಮಸುಕು ಹಳದಿ, ಅಂಚಿನಲ್ಲಿ ತುಸು ಹಸಿರು, ತುಸು ಗುಲಾಬಿ ಕಂಡಿತು: ಹಳದಿ ಕ್ರೋಮೇಟ್, ಅಂದರೆ ಸತುವಿನ ಲೇಪವನ್ನು ಕಾಯಲು ಅದರ ಮೇಲೆ ಕೊಡುವ ತೆಳು ಕ್ರೋಮಿಯಂ ಪದರ. ಕೆಳಗಿರುವುದು ಸತುವಿನ ಬದಲು ಕ್ಯಾಡ್ಮಿಯಮ್ ಲೋಹವಾಗಿದ್ದರೂ ಬಣ್ಣ ಹೀಗೆಯೇ ಕಾಣುತ್ತಿತ್ತು, ಆದರೆ ಆ ವಿಷದ ತಂಟೆ ನನಗೆ ಬೇಡ, ಸತುವೇ ಸಾಕು. ಬಾನೆಟ್ ಹಿಂಜಿನ ಬೋಲ್ಟ್‌ಗಳದ್ದು ಮಾತ್ರ ಹೊಳಪಿಲ್ಲದ ಕಪ್ಪು ಫಾಸ್ಫೇಟ್ ಪದರ.

ಬಿಡಿಭಾಗದ ವ್ಯಾಪಾರಿಗೆ ಇದನ್ನೆಲ್ಲ ಫೋಟೋ ಸಮೇತ ಕಳುಹಿಸಿದ್ದೆ. ‘ಒರಿಜಿನಲ್ ಫಿನಿಶ್’ ಎಂದು ಬಂದ ಬೋಲ್ಟ್‌ಗಳು ಪಾತ್ರೆ ಅಂಗಡಿಯ ಲೋಟದಂತೆ ಫಳಫಳ. ಬ್ರಾಕೆಟ್‌ಗೆ ಪೌಡರ್ ಕೋಟಿಂಗ್ ಎಷ್ಟು ದಪ್ಪವೆಂದರೆ ತೂತಿನಲ್ಲಿ ಬೋಲ್ಟೇ ಇಳಿಯಲಿಲ್ಲ. ಕೇಳಿದರೆ, “ಸರ್, ಹಳೆಯದಕ್ಕಿಂತ ಚೆನ್ನಾಗಿ ಕಾಣುತ್ತದಲ್ಲ” ಎಂದ!

ಹೀಗಾಗಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಯ ಪ್ಲೇಟಿಂಗ್ ಅಂಗಡಿಗೆ ಹೋಗಬೇಕಾಯಿತು. ಐದು ಕಿಲೋಗಿಂತ ಕಡಿಮೆಯಿದ್ದರೆ ಅವರು ಮುಟ್ಟುವುದಿಲ್ಲ. ತೂಕ ತುಂಬಿಸಲು ಪಕ್ಕದ ಮನೆಯ ಗೇಟಿನ ಕೀಲುಗಳನ್ನೂ ಚೀಲಕ್ಕೆ ಹಾಕಿದೆ. ಅವು ಇವತ್ತಿಗೂ ಚೆನ್ನಾಗಿವೆ ಎಂಬುದೇ ಹೊಟ್ಟೆಯುರಿ.

ಮೊದಲ ಸಲ ತಪ್ಪಿದ್ದು ಸರಳವಾಗಿತ್ತು. ಹಸಿ ಇರುವಾಗಲೇ ಬಟ್ಟೆಯಿಂದ ಒರೆಸಿದೆ, ಹಳದಿಯೆಲ್ಲ ಬಟ್ಟೆಗೆ ಬಂತು. ಕ್ರೋಮೇಟ್ ಪದರ ಮೊದಲು ಮೆತ್ತಗೆ ಲೋಳೆಯಂತಿರುತ್ತದೆ. ಗಟ್ಟಿಯಾಗಲು ಒಂದು ದಿನ ಬೇಕು.

ಎರಡನೆಯ ಸಲ ಅತಿ ಜಾಣತನ ಕೈಕೊಟ್ಟಿತು. ಹೊಸ ಬೋಲ್ಟ್‌ಗಳಲ್ಲಿ ಆರರ ತಲೆಯ ಮೇಲೆ 10.9 ಎಂದಿತ್ತು, ಅಂದರೆ ಹೆಚ್ಚು ಬಲದ ದರ್ಜೆ. ಇಷ್ಟು ಗಟ್ಟಿ ಉಕ್ಕಿಗೆ ಆಮ್ಲದ ತೊಳೆತದಲ್ಲೂ ಪ್ಲೇಟಿಂಗ್‌ನಲ್ಲೂ ಹೈಡ್ರೋಜನ್ ಒಳಹೊಕ್ಕರೆ, ಬಿಗಿದು ಎಷ್ಟೋ ಹೊತ್ತಾದ ಮೇಲೆ ಪಟ್ಟನೆ ಮುರಿಯಬಹುದು. ಅದನ್ನು ಹೊರಹಾಕಲು ಸುಮಾರು 190 ಡಿಗ್ರಿಯಲ್ಲಿ ಕೆಲವು ತಾಸು ಕಾಯಿಸಬೇಕು. ಇಷ್ಟು ಓದಿಕೊಂಡವನು ಇಪ್ಪತ್ತೆರಡನ್ನೂ ಆಯಿಯ ಕೇಕ್ ಒವನ್‌ಗೆ ತುಂಬಿದೆ. ಕಾಯಿಸಬೇಕಾದದ್ದು ಪ್ಲೇಟಿಂಗ್ ಆದ ಕೂಡಲೇ, ಕ್ರೋಮೇಟ್‌ಗೆ ಮೊದಲು, ಎಂಬ ಸಾಲನ್ನು ಹಾರಿಸಿದ್ದೆ. ಕ್ರೋಮೇಟ್ ಪದರ 60 ಡಿಗ್ರಿ ದಾಟಿದರೆ ನೀರು ಕಳೆದುಕೊಂಡು ಬಿರುಕು ಬಿಡುತ್ತದೆ. ಆ ಬಿರುಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕಡಲ ಗಾಳಿಗೆ ಕಾಣುತ್ತದೆ.

ಈಗ ಗುಂಪು ಬೇರೆ ಮಾಡಿದ್ದೇನೆ. 10.9ರ ಆರನ್ನು ಎಸೆದು ಅದೇ ದರ್ಜೆಯ ಹೊಸ ಕಪ್ಪು ಬೋಲ್ಟ್‌ಗಳನ್ನು ತಂದೆ. ಅವಕ್ಕೆ ಪ್ಲೇಟಿಂಗ್ ಇಲ್ಲ, ಎಣ್ಣೆ ಮಾತ್ರ. ಉಳಿದ ಹದಿನಾರಕ್ಕೆ ಹಳೆಯ ಲೇಪ ತೆಗೆಸಿ, ಮತ್ತೆ ಹಳದಿ ಮಾಡಿಸಿ, ಒಣಮೀನಿನಂತೆ ದಾರಕ್ಕೆ ಕಟ್ಟಿ ಫ್ಯಾನಿನಡಿ ತೂಗುಹಾಕಿದೆ. ಒಂದು ದಿನ ಯಾರೂ ಮುಟ್ಟಲಿಲ್ಲ. ನಾಲ್ಕನೆಯ ವಾರ ನಡೆಯುತ್ತಿದೆ. ಮಳೆಯೂ ಇದೆ, ಹಳದಿಯೂ ಇದೆ.

ಈ ಧೈರ್ಯದಲ್ಲಿ ಶಿರಸಿಯ ಭಾವನ ಅಡಿಕೆ ಶೆಡ್ಡಿನಲ್ಲಿ ಬಿದ್ದಿರುವ ಯೆಜ್ಡಿಯ ಕಡೆ ಕಣ್ಣು ಹಾಕಿದ್ದೇನೆ. ಮೈಸೂರಿನ ಐಡಿಯಲ್ ಜಾವಾ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಈಚೆಗೆ ಆ ಬೈಕಿನ ಸ್ಪೋಕ್‌ಗಳ ಫಿನಿಶ್ ಬಗ್ಗೆ ಕೇಳಿದಷ್ಟು ಜನಕ್ಕೆ ಅಷ್ಟು ಉತ್ತರ. ಸ್ಪೋಕ್ ಬಿಗಿಯುವ ನಿಪ್ಪಲ್ ಬಿಚ್ಚಿ ಒಳಗೆ ಇಣುಕುವವರೆಗೆ ನಾನು ಯಾರನ್ನೂ ನಂಬುವುದಿಲ್ಲ.

ಅದಕ್ಕೂ ಮೊದಲು ಬೇರೊಂದು ಖರ್ಚಿದೆ. ಹಳದಿ ಕ್ರೋಮೇಟ್‌ನಲ್ಲಿರುವ ಕ್ರೋಮಿಯಂ ವಿಷ ಎಂದು ಆಯಿಗೆ ನಾನೇ ಹೇಳಬೇಕಾಯಿತು. ಒವನ್ ಶೆಡ್ಡಿಗೆ ಬಂದಿದೆ. ಹೊಸದರ ಅಳತೆಯನ್ನು ಆಯಿ ಕಾಗದದಲ್ಲಿ ಬರೆದು ಬಾನೆಟ್ ಮೇಲೆ ಅಂಟಿಸಿದ್ದಾಳೆ.