ತೋಪ್‌ಕಾಪಿ ಅರಮನೆಯ ಅಡುಗೆಮನೆಯಲ್ಲಿ ಅತ್ತೆ

ಇಸ್ತಾಂಬುಲಿಗೆ ಹೋಗುವ ಅಂದಾಜು ಇದ್ದವರು ಮೊದಲು ಒಂದು ವಿಷಯ ಗುರುತು ಹಾಕಿಟ್ಟುಕೊಳ್ಳಿ: ತೋಪ್‌ಕಾಪಿ ಅರಮನೆಗೆ ಮಂಗಳವಾರ ರಜೆ. ಶಾರ್ಜಾದಲ್ಲಿರುವ ನಮ್ಮಂಥ ಕಾಸರಗೋಡಿನವರು ಮಕ್ಕಳ ಶಾಲೆಗೆ ರಜೆ ಸಿಕ್ಕಿತೆಂದರೆ ಊರಿಗೆ ಓಡುವುದೇ ವಾಡಿಕೆ. ಈ ಸಲ ನೀರ್ಚಾಲಿನಿಂದ ಅತ್ತೆಯೇ ಬಂದಿದ್ದರಿಂದ, ಅವರನ್ನೂ ಕರಕೊಂಡು ನಾಲ್ಕೈದು ಗಂಟೆಯ ವಿಮಾನದಾರಿಯ ತುರ್ಕಿಗೆ ಹೊರಟೆವು. ವೀಸಾದ ರಗಳೆ ಒಂದು ಪುರಾಣ, ಅದು ಇಲ್ಲಿ ಬೇಡ.

ಅರಮನೆ ಅಂದಕೂಡಲೆ ನಮಗೆಲ್ಲ ಕಣ್ಣಿಗೆ ಕಟ್ಟುವುದು ಮೈಸೂರು. ಎದುರಿಗೆ ನಿಂತರೆ ಇಡೀ ಕಟ್ಟಡ ಕಾಣಬೇಕು, ದೀಪ ಹಾಕಿದರೆ ಬಾಯಿ ಬಿಟ್ಟು ನೋಡಬೇಕು. ತೋಪ್‌ಕಾಪಿಯಲ್ಲಿ ಅಂಥದ್ದೇನೂ ಇಲ್ಲ. ಒಂದು ಅಂಗಳ ದಾಟಿದರೆ ಇನ್ನೊಂದು, ಅದರ ಸುತ್ತ ತಗ್ಗು ಕಟ್ಟಡಗಳು, ನಡುವೆ ಮರಗಳು. ನಮ್ಮ ಕಡೆಯ ಹಳೆ ತರವಾಡು ಮನೆಗಳಿಗೆ ಬೇಕಾದ ಹಾಗೆಲ್ಲ ಒಂದು ಚಾವಡಿ, ಒಂದು ಉಗ್ರಾಣ ಸೇರಿಸುತ್ತಾ ಹೋದಂತೆ, ಇಲ್ಲಿಯೂ ಒಬ್ಬೊಬ್ಬ ಸುಲ್ತಾನ ತನ್ನ ಪಾಲಿನದ್ದನ್ನು ಸೇರಿಸುತ್ತಾ ಬಂದಿದ್ದಾನೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಗೆದ್ದ ಎರಡನೇ ಮೆಹ್ಮದ್ ಕೆಲವೇ ವರ್ಷಗಳಲ್ಲಿ ಕೆಲಸ ಶುರುಮಾಡಿಸಿದ. ಹೊರಗೋಡೆ ಮುಗಿದದ್ದು 1478ರಲ್ಲಿ. 1856ರಲ್ಲಿ ಅಬ್ದುಲ್ ಮಜೀದ್ ಬೋಸ್ಫರಸ್ ದಡದ ದೋಲ್ಮಾಬಾಚೆ ಅರಮನೆಗೆ ವಾಸ ಬದಲಿಸಿದ. ಸುಲ್ತಾನಗಿರಿಯೇ ಹೋಗಿ ಗಣರಾಜ್ಯ ಬಂದ ಮೇಲೆ, 1924ರ ಏಪ್ರಿಲಿನಲ್ಲಿ ಅತಾತುರ್ಕ್ ಸರಕಾರ ಇದನ್ನು ಮ್ಯೂಸಿಯಂ ಮಾಡಿತು.

ಎರಡನೇ ಬಾಗಿಲಿನಿಂದ ಕುದುರೆ ಮೇಲೆ ಒಳಗೆ ಹೋಗುವ ಹಕ್ಕು ಸುಲ್ತಾನನೊಬ್ಬನಿಗೇ ಇತ್ತಂತೆ, ವಜೀರನಾದರೂ ಇಳಿದು ನಡೆಯಬೇಕು. ಈಗ ಅಲ್ಲಿ ಎಲ್ಲರಿಗೂ ಬ್ಯಾಗ್ ತಪಾಸಣೆ.

ಒಳಗೆ ಕಾಲಿಟ್ಟಕೂಡಲೆ ಜನ ನೇರ ಮೂರನೇ ಅಂಗಳದ ಖಜಾನೆಗೆ ಓಡುತ್ತಾರೆ. ನನ್ನ ಮಾತು ಕೇಳುವುದಾದರೆ ನೀವು ಓಡಬೇಡಿ. ಎರಡನೇ ಅಂಗಳದ ಬಲಗಡೆಗೆ ತಿರುಗಿ. ಅಲ್ಲಿ ಸಾಲಾಗಿ ಎದ್ದು ನಿಂತ ಚಿಮಣಿಗಳು ಕಾಣುತ್ತವೆ. ಅದು ಅಡುಗೆಮನೆ. 1574ರಲ್ಲಿ ಬೆಂಕಿ ಬಿದ್ದು ಹಾಳಾದ ಮೇಲೆ ಅದನ್ನು ಮತ್ತೆ ಕಟ್ಟಿದವ ಮಿಮಾರ್ ಸಿನಾನ್, ಇಸ್ತಾಂಬುಲಿನ ಸುಲೇಮಾನಿಯೆ ಮಸೀದಿ ಕಟ್ಟಿದ ಶಿಲ್ಪಿ.

ಹಾದಿಯುದ್ದಕ್ಕೂ ಮಂಡಿನೋವು ಎನ್ನುತ್ತಿದ್ದ ಅತ್ತೆಗೆ ಇಲ್ಲಿ ಜೀವ ಬಂತು. ನೂರಾರು ಎಲೆಯ ಜೆಂಬರಗಳಿಗೆ ಅಡುಗೆ ಕೊಟ್ಟಿಗೆಯ ಉಸ್ತುವಾರಿ ನೋಡಿದ ಹೆಂಗಸು. ತಲೆ ಎತ್ತಿ ಗುಮ್ಮಟದೊಳಗೆ ನೋಡಿ ಮೊದಲು ಹೇಳಿದ್ದು, "ಹೊಗೆ ಹೋಪ ದಾರಿ ಲಾಯಿಕ ಮಾಡಿದ್ದವು." ಆಮೇಲೆ ತಾಮ್ರದ ಕೊಪ್ಪರಿಗೆಗಳ ಹತ್ತಿರ ನಿಂತವರು ಅಲುಗಲೇ ಇಲ್ಲ. ಒಂದು ಕೊಪ್ಪರಿಗೆಯ ಅಂಚು ಬಳಸಿ ಬಳಸಿ ಬಾಗಿತ್ತು, ಹಿಡಿಯ ಬಳೆ ಸವೆದು ಒಂದು ಕಡೆ ತೆಳ್ಳಗಾಗಿತ್ತು, ಒಳಗಿನ ಕಲಾಯಿ ಅಲ್ಲಲ್ಲಿ ಹೋಗಿ ತಾಮ್ರದ ಕೆಂಪು ಕಾಣುತ್ತಿತ್ತು. ಅದನ್ನೆಲ್ಲ ಬಗ್ಗಿ ನೋಡಿ, "ಇದರೆಲ್ಲ ತೊಳದು ಮಡುಗುದಾರು ಕೂಸೇ?" ಎಂದು ನನ್ನನ್ನೇ ಕೇಳಿದರು. ಮ್ಯೂಸಿಯಂನ ಫಲಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ದಿನವೂ ಸಾವಿರಾರು ಮಂದಿಗೆ ಇಲ್ಲಿಂದ ಊಟ ಹೋಗುತ್ತಿತ್ತು. ಸಿಹಿ, ಶರಬತ್ತು, ಲೇಹ್ಯ ಮಾಡುವುದಕ್ಕೆ ಬೇರೆಯೇ ಒಂದು ಪಾಕಶಾಲೆ. ಬಡಿಸುತ್ತಿದ್ದ ಚೀನೀ ಪಿಂಗಾಣಿ ಈಗ ಇದೇ ಕಟ್ಟಡದಲ್ಲಿದೆ. ಸಂಗ್ರಹದಲ್ಲಿ 10,000ಕ್ಕೂ ಮಿಕ್ಕಿ ಚೀನಾದ ಪಾತ್ರೆಗಳಿವೆ. ಅದರಲ್ಲಿ ಪಾಚಿ ಹಸಿರಿನ ದಪ್ಪ ತಟ್ಟೆಗಳಿಗೆ ವಿಷ ತಾಗಿದರೆ ಬಣ್ಣ ಬದಲಾಗುತ್ತದೆಂಬ ನಂಬಿಕೆ ಇತ್ತು. ಮೂತಿ ಒಡೆದ ಹೂಜಿಗೆ ಬೆಳ್ಳಿಯ ಮೂತಿ ಕೂರಿಸಿ ಮತ್ತೆ ಬಳಸಿದ್ದಾರೆ. ರಾಜರಾದರೂ ಒಡೆದದ್ದನ್ನು ಬಿಸಾಡಲಿಲ್ಲವಲ್ಲ ಎಂದು ಅತ್ತೆಗೆ ಖುಷಿಯೋ ಖುಷಿ.

ಅಡುಗೆಮನೆಗೂ ರಾಜಕೀಯಕ್ಕೂ ನಂಟು ಇದ್ದದ್ದು ಇದೇ ಅಂಗಳದಲ್ಲಿ. ಜಾನಿಸರಿ ಎಂಬ ಸುಲ್ತಾನನ ಖಾಸಾ ಪಡೆಗೆ ಮೂರು ತಿಂಗಳಿಗೊಮ್ಮೆ ಇಲ್ಲಿ ಸಂಬಳ, ಆ ದಿನ ಅರಮನೆಯ ಸೂಪು, ಅನ್ನ. ಸಿಪಾಯಿಗಳು ಸೂಪು ಮುಟ್ಟದಿದ್ದರೆ ಏನೋ ಅಸಮಾಧಾನ ಇದೆ ಎಂದು ಲೆಕ್ಕ. ಕೊಪ್ಪರಿಗೆ ಕವುಚಿ ಹಾಕಿದರಂತೂ ದಂಗೆಯೇ. ಆ ಪಡೆಗೆ ತನ್ನ ಕೊಪ್ಪರಿಗೆ ಎಂದರೆ ಬಾವುಟದಷ್ಟೇ ಮರ್ಯಾದೆಯ ವಸ್ತು, ಯುದ್ಧದಲ್ಲಿ ಅದನ್ನು ಕಳಕೊಂಡರೆ ಮುಖ ತೋರಿಸುವ ಹಾಗಿರಲಿಲ್ಲ. ಎದುರುಗಡೆ ಮೂಲೆಯಲ್ಲಿ ಮಂತ್ರಿಗಳು ಕೂರುತ್ತಿದ್ದ ದಿವಾನ್ ಸಭೆ. ಗೋಡೆಯ ಮೇಲ್ಗಡೆ ಚಿನ್ನದ ಬಣ್ಣದ ಜಾಲರಿಯ ಕಿಟಕಿ, ಅದರ ಹಿಂದೆ ಸುಲ್ತಾನ ಕೂತು ಕೇಳುತ್ತಿದ್ದಾನೋ ಇಲ್ಲವೋ ಕೆಳಗಿದ್ದವರಿಗೆ ಗೊತ್ತಾಗುತ್ತಿರಲಿಲ್ಲ. ಪರದೇಶದ ರಾಯಭಾರಿಗಳನ್ನು ಹೆಚ್ಚಾಗಿ ಸಂಬಳದ ದಿನವೇ ಕರೆಸುತ್ತಿದ್ದರು. ಸಾವಿರಾರು ಸಿಪಾಯಿಗಳು ತುಟಿ ಬಿಚ್ಚದೆ ನಿಂತದ್ದನ್ನು ನೋಡಲಿ, ನಮ್ಮ ಊಟ ಉಣ್ಣಲಿ, ಆಮೇಲೆ ಸುಲ್ತಾನನ ಮುಖ ನೋಡಲಿ ಎಂಬ ಲೆಕ್ಕಾಚಾರ.

ಇಲ್ಲಿ ನಮ್ಮವರ ಕತೆಯೊಂದಿದೆ. 1786ರಲ್ಲಿ ಟಿಪ್ಪು ಸುಲ್ತಾನ್ ಗುಲಾಂ ಅಲಿ ಖಾನನ ಮುಂದಾಳುತನದಲ್ಲಿ ದೊಡ್ಡದೊಂದು ತಂಡವನ್ನು ಇಸ್ತಾಂಬುಲಿಗೆ ಕಳಿಸಿದ. ಕುಮಟೆ ಹತ್ತಿರದ ತದಡಿ ಬಂದರಿನಲ್ಲಿ ಹಡಗು ಹತ್ತಿ, ಮಸ್ಕತ್, ಬಸ್ರಾ ಮಾರ್ಗವಾಗಿ 1787ರಲ್ಲಿ ಅವರು ಬಂದು ಮುಟ್ಟಿದರು. ಆಗ ಈ ಅರಮನೆಯಲ್ಲಿದ್ದವ ಮೊದಲನೇ ಅಬ್ದುಲ್ ಹಮೀದ್. ಟಿಪ್ಪು ಕೇಳಿದ್ದರಲ್ಲಿ ಒಂದು, ಬಸ್ರಾ ಬಂದರು ನಮಗೆ ಕೊಡಿ, ಬದಲಿಗೆ ಮಂಗಳೂರು ಬಂದರು ನಿಮಗೆ ಎಂದು! ಅದೇ ವರ್ಷ ರಷ್ಯಾದೊಂದಿಗೆ ಯುದ್ಧಕ್ಕಿಳಿದಿದ್ದ ಸುಲ್ತಾನನಿಗೆ ಇಂಗ್ಲಿಷರನ್ನು ಎದುರು ಹಾಕಿಕೊಳ್ಳುವುದು ಬೇಕಿರಲಿಲ್ಲ, ಮಾತುಕತೆ ಎಲ್ಲಿಗೂ ಮುಟ್ಟಲಿಲ್ಲ. ಹೋದವರಲ್ಲಿ ಬಹಳ ಮಂದಿ ಕಾಯಿಲೆ ಬಿದ್ದು ತೀರಿಕೊಂಡರು.

ನಮ್ಮ ಯಜಮಾನರು ಫೋನಿನಲ್ಲಿ ಓದಿಕೊಂಡು ಇದನ್ನೆಲ್ಲ ಹೇಳುವಾಗ ಅತ್ತೆ ನಡುವೆ ಬಾಯಿ ಹಾಕಿದರು: "ಮಂಗಳೂರು ಕೊಡ್ತೆ ಹೇಳುವಾಗ ಅಲ್ಯಾಣವರತ್ರೆ ಆರಾರು ಕೇಳಿದ್ದವಾ?" ಬೇಕಲ ಕೋಟೆಯೂ ಆಗ ಟಿಪ್ಪುವಿನ ಕೈಯಲ್ಲೇ ಇತ್ತು, ನಮ್ಮ ಸೀಮೆ ಮಂಗಳೂರಿನ ಬಾಲ ಹಿಡಿದೇ ಇತ್ತು. ಕೇಳದೆ ಆಚೆ ಕೊಡುವ ಕತೆ ಕಾಸರಗೋಡಿನವರಿಗೆ ಹೇಳಿಕೊಡಬೇಕೇ? ನಮ್ಮ ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ ಒಂದು ಮನೆಮನೆಯಲ್ಲೂ ಗೊತ್ತು.

ಖಜಾನೆಯ ಸಾಲು ಉದ್ದ. 86 ಕ್ಯಾರೆಟಿನ ವಜ್ರ ಇದೆ, ಸುತ್ತ ಚಿಕ್ಕ ವಜ್ರಗಳ ಎರಡು ಸಾಲು. ಗಾಜಿನೆದುರು ಎರಡು ನಿಮಿಷ ನಿಲ್ಲುವುದಕ್ಕೆ ಬಿಡುವುದಿಲ್ಲ. ನನಗೆ ಅದಕ್ಕಿಂತ ಮೂರು ಪಚ್ಚೆಯ ಕಠಾರಿಯ ಕತೆ ರುಚಿಸಿತು. 1739ರಲ್ಲಿ ದಿಲ್ಲಿ ಸೂರೆ ಹೊಡೆದ ನಾದಿರ್ ಷಾನಿಗೆ ಉಡುಗೊರೆಯಾಗಿ ಇಲ್ಲಿಂದ ಹೊರಟದ್ದು ಅದು. ದಾರಿಯಲ್ಲಿರುವಾಗಲೇ, 1747ರಲ್ಲಿ, ಅವನ ಕೊಲೆಯಾಯಿತು. ತಗೊಂಡು ಹೋದವರು ತಿರುಗಿ ತಂದು ಒಪ್ಪಿಸಿದರು.

ಪವಿತ್ರ ವಸ್ತುಗಳ ಕೋಣೆಯನ್ನು ತಪ್ಪಿಸಬೇಡಿ ಎಂದು ಶಾರ್ಜಾದಲ್ಲಿ ಪಕ್ಕದ ಫ್ಲ್ಯಾಟಿನ ಉಪ್ಪಳದವರು ಹೇಳಿ ಕಳಿಸಿದ್ದರು. ಪ್ರವಾದಿಯವರದ್ದೆನ್ನುವ ಮೇಲಂಗಿ ಅಲ್ಲಿದೆ, 1517ರಲ್ಲಿ ಇಲ್ಲಿಯ ಸುಲ್ತಾನ ಸಲೀಂ ಈಜಿಪ್ಟ್ ಗೆದ್ದ ಮೇಲೆ ಇಸ್ತಾಂಬುಲಿಗೆ ಬಂದದ್ದು. ಒಬ್ಬರಾದ ಮೇಲೊಬ್ಬರು ಹಗಲುರಾತ್ರಿ ಕುರಾನ್ ಓದುತ್ತಾರೆ. ಅತ್ತೆ ಯಾರೂ ಹೇಳುವ ಮೊದಲೇ ಸೆರಗು ತಲೆಗೆ ಹೊದ್ದುಕೊಂಡರು. ಫೋಟೋ ತೆಗೆಯುವ ಹಾಗಿಲ್ಲ.

ಜನಾನಾದ ಇಜ್ನಿಕ್ ಹೆಂಚುಗಳ ನೀಲಿ ಚಂದ, ಆದರೆ ಕೋಣೆಯಿಂದ ಕೋಣೆಗೆ ಹೋಗುತ್ತಾ ನನಗೆ ಉಸಿರು ಕಟ್ಟಿದಂತಾಯಿತು. 1595ರಲ್ಲಿ ಪಟ್ಟಕ್ಕೆ ಬಂದ ಮೂರನೇ ಮೆಹ್ಮದ್ ತನ್ನ 19 ಮಂದಿ ತಮ್ಮಂದಿರನ್ನು ಕೊಲ್ಲಿಸಿದ. ಆಮೇಲಿನ ಕಾಲದಲ್ಲಿ ರಾಜಕುಮಾರರನ್ನು ಕೊಲ್ಲುವ ಬದಲು ಇಲ್ಲೇ ಒಳಗೆ ಕೂಡಿಟ್ಟರು. ಅಂಥಲ್ಲಿ ಮಕ್ಕಳಿಗೆ ಏನೆಂದು ವಿವರಿಸುವುದು? ಬೇಗ ಬೇಗ ಹೊರಗೆ ಬಂದೆವು.

ಹಿರಿಯರನ್ನು ಕರಕೊಂಡು ಹೋಗುವವರು ಟ್ರಾಮಿನಲ್ಲಿ ಸುಲ್ತಾನ್ ಅಹ್ಮದ್ ನಿಲ್ದಾಣಕ್ಕೆ ಹೋಗಿ ಹಾಗಿಯಾ ಸೋಫಿಯಾದ ಹಿಂದಿನಿಂದ ಒಳಗೆ ಬನ್ನಿ. ಗುಲ್‌ಹಾನೆ ಕಡೆಯಿಂದ ಬಂದರೆ ಏರು. ಅಂಗಳಗಳೆಲ್ಲ ಕಲ್ಲುಹಾಸು, ಚಪ್ಪಲಿ ಬೇಡ, ಶೂ ಹಾಕಿಸಿ. ಸಸ್ಯಾಹಾರಿಗಳಿಗೆ ಊರಿಡೀ ಬೇಳೆ ಸೂಪು ಸಿಗುತ್ತದೆ, ಆದರೆ ಸೂಪನ್ನೂ ಅನ್ನವನ್ನೂ ಕೆಲವು ಕಡೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. ಅತ್ತೆ ಕೇಳುವ ಗೋಜಿಗೇ ಹೋಗದೆ ಬ್ರೆಡ್ಡು, ಮೊಸರಿನಲ್ಲಿ ಮುಗಿಸಿದರು.