ಮಂಚದ ಕೆಳಗೆ ಸೇರಿಕೊಂಡ ನಾಯಿಯನ್ನು ಎಳೆಯಬೇಡಿ

ಶೆಲ್ಟರ್‌ನಿಂದ ನಾಯಿ ದತ್ತು ಹೋದ ಎರಡನೇ ದಿನ ಬರುವ ಫೋನು ಹೆಚ್ಚುಕಮ್ಮಿ ಒಂದೇ: 'ಮಂಚದ ಕೆಳಗಿಂದ ಹೊರಗೇ ಬರ್ತಿಲ್ಲ, ಅನ್ನ ಮುಟ್ಟಿಲ್ಲ, ಕಾಯಿಲೆ ಏನಾದ್ರೂ ಇದೆಯಾ?' ಬಹಳ ಸಲ ಕಾಯಿಲೆ ಇರುವುದಿಲ್ಲ. ಮನೆಯವರ ಅಕ್ಕರೆ ಜಾಸ್ತಿಯಾಗಿರುತ್ತದೆ. ಪಕ್ಕದ ಮನೆ ಮಕ್ಕಳ ಸಮೇತ ಎಲ್ಲರೂ ಬಗ್ಗಿ ಬಗ್ಗಿ ನೋಡಿ, ಕೈ ಚಾಚಿ ಆಗಿರುತ್ತದೆ. ಹೆದರಿದ ನಾಯಿಗೆ ಮೊದಲ ವಾರ ಬೇಕಾದ್ದು ಪ್ರೀತಿಯಲ್ಲ, ದೂರ.

ನಾಯಿ ಬರುವ ಮೊದಲೇ ಓಡಾಟವಿಲ್ಲದ ಒಂದು ಮೂಲೆ ಗೊತ್ತುಮಾಡಿ. ಮೇಜಿನ ಮೇಲಿಂದ ಹಳೇ ಬೆಡ್‌ಶೀಟ್ ಇಳಿಬಿಟ್ಟು ಮೂರು ಕಡೆ ಮುಚ್ಚಿ, ಕೆಳಗೆ ಗೋಣಿಚೀಲ ಹಾಸಿದರೆ ಸಾಕು. ಅಡುಗೆಮನೆ ಪಕ್ಕ ಬೇಡ, ಕುಕ್ಕರ್ ಸೀಟಿ ಮತ್ತು ಮಿಕ್ಸಿ ಇರುತ್ತವೆ. ತಗಡು ಶೀಟಿನ ಮಾಡಿನ ಕೆಳಗೂ ಬೇಡ. ಮೂಡಿಗೆರೆ, ಸಕಲೇಶಪುರದ ಆಷಾಢದ ಮಳೆ ಅದರ ಮೇಲೆ ಬೀಳುವ ಸದ್ದಿಗೆ ಧೈರ್ಯದ ನಾಯಿಯೂ ನಡುಗುತ್ತದೆ. ಚೈನು ಹಾಕಿ ಕಟ್ಟಬೇಡಿ. ಓಡುವ ದಾರಿ ಮುಚ್ಚಿದರೆ ನಾಯಿಗೆ ಉಳಿಯುವುದು ಕಚ್ಚುವುದೊಂದೇ.

ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ. ತಟ್ಟೆ ಇಟ್ಟು ಹೊರಗೆ ಬನ್ನಿ, ದೀಪ ಆರಿದ ಮೇಲೆ ತಿನ್ನುತ್ತದೆ. ಶೆಲ್ಟರ್‌ನಲ್ಲಿ ಕೊಡುತ್ತಿದ್ದ ಊಟವನ್ನೇ ಮುಂದುವರಿಸಿ, ನಿಮ್ಮದನ್ನು ಒಂದು ವಾರದಲ್ಲಿ ಸ್ವಲ್ಪಸ್ವಲ್ಪವೇ ಬೆರೆಸಿ. ದಿನವಿಡೀ ನೀರು ಮುಟ್ಟದಿದ್ದರೆ, ಎರಡು ದಿನ ಊಟ ಬಿಟ್ಟರೆ, ವಾಂತಿಯಾದರೆ ಪಶುವೈದ್ಯರ ಬಳಿ ಹೋಗಿ. ಉಣುಗು ಜ್ವರ ಬಂದ ನಾಯಿಯೂ ಹೀಗೇ ಮುದುಡಿಕೊಂಡಿರುತ್ತದೆ. ವಸಡು ಬಿಳಿಚಿದ್ದರೆ, ಮೈ ಸುಡುತ್ತಿದ್ದರೆ 'ಹೆದರಿಕೆ' ಅಂದುಕೊಂಡು ಕಾಯುವಂತಿಲ್ಲ.

ಹತ್ತಿರವಾಗುವುದಕ್ಕೆ ಎಲ್ಲರೂ ಮಾಡುವುದು ಅಂಗೈಯಲ್ಲಿ ಬಿಸ್ಕತ್ತು ಹಿಡಿದು ಕರೆಯುವುದು. ತಪ್ಪಾಗುವುದು ಅಲ್ಲೇ. ನಾಯಿ ಆಸೆಗೆ ಕತ್ತು ಉದ್ದ ಮಾಡಿಕೊಂಡು ಬರುತ್ತದೆ, ಹಿಂಗಾಲು ಮಾತ್ರ ಹಿಂದೆಯೇ ಇರುತ್ತದೆ. ತಿಂದು ಮುಗಿದ ಕ್ಷಣ ತಾನು ಮನುಷ್ಯನ ಮೂಗಿನಡಿ ಇದ್ದೇನೆಂದು ಗೊತ್ತಾಗಿ ಹಲ್ಲು ಹಾಕುತ್ತದೆ. ಅದರ ಬದಲು ಆರೇಳು ಅಡಿ ದೂರದಲ್ಲಿ, ಮುಖ ತಿರುಗಿಸಿ, ನೆಲದ ಮೇಲೆ ಓರೆಯಾಗಿ ಕೂತುಕೊಳ್ಳಿ. ಕಡಲೆಬೀಜದಷ್ಟು ಸಣ್ಣ ಬೇಯಿಸಿದ ಕೋಳಿ ತುಂಡನ್ನು ನಾಯಿಯ ಹಿಂದಕ್ಕೆ ಎಸೆಯಿರಿ. ಹಿಂದೆ ಹೋಗಿ ತಿಂದು ತಾನಾಗೇ ಒಂದು ಹೆಜ್ಜೆ ಮುಂದೆ ಬಂತೇ, ಮತ್ತೆ ಹಿಂದಕ್ಕೇ ಎಸೆಯಿರಿ. ದಿನಕ್ಕೆ ಮೂರ್ನಾಲ್ಕು ಸಲ, ಐದೈದು ನಿಮಿಷ ಸಾಕು. ಬಾಯಿ ಚಪ್ಪರಿಸುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಕಣ್ಣಂಚಿನ ಬಿಳಿ ಕಾಣುವುದು, ಮೈ ಬಿಗಿಹಿಡಿದು ನಿಲ್ಲುವುದು, ಇವು ಹೆದರಿಕೆಯ ಗುರುತು, ಕಂಡರೆ ಎದ್ದು ಹೋಗಿ. ಗುರ್ ಅಂದರೆ ಗದರಬೇಡಿ. ಗುರುಗುಟ್ಟುವುದನ್ನು ಬಿಡಿಸಿದರೆ ಮುಂದಿನ ಸಲ ಹೇಳದೆ ಕಚ್ಚುತ್ತದೆ.

ನಮ್ಮ ಕಡೆ ದೊಡ್ಡ ಅಪಾಯ ಕಚ್ಚುವುದಲ್ಲ, ತಪ್ಪಿಸಿಕೊಳ್ಳುವುದು. ಕಾಂಪೌಂಡ್ ಇಲ್ಲದ ತೋಟದ ಮನೆಯಲ್ಲಿ ನಾಯಿ ಒಮ್ಮೆ ಕಾಫಿ ಗಿಡದ ಅಡಿಗೆ ನುಗ್ಗಿದರೆ ಕಾಣುವುದೇ ಇಲ್ಲ. ನಾಟಿ ನಾಯಿಯ ಕತ್ತು, ತಲೆ ಹೆಚ್ಚುಕಮ್ಮಿ ಒಂದೇ ದಪ್ಪ, ಹಿಂದಕ್ಕೆ ಜಗ್ಗಿದರೆ ಬೆಲ್ಟು ಕಳಚಿಕೊಳ್ಳುತ್ತದೆ. ಕತ್ತಿಗೆ ಎರಡು ಬೆರಳು ಹೋಗುವಷ್ಟು ಬಿಗಿಯಾದ ಬೆಲ್ಟು, ಎದೆಗೆ ಹಾರ್ನೆಸ್ (ಎದೆ, ಬೆನ್ನು ಬಳಸಿ ಹಾಕುವ ಪಟ್ಟಿ), ಎರಡಕ್ಕೂ ಬೇರೆ ಬೇರೆ ಹಗ್ಗ ಹಾಕಿ. ಹಿತ್ತಲಿಗೆ ಮೂತ್ರಕ್ಕೆ ಬಿಡುವಾಗಲೂ ಅಷ್ಟೇ. ಮಂಗ ಓಡಿಸಲು ಪಟಾಕಿ ಹೊಡೆಯುವ ಹೊತ್ತು, ಕೊಯ್ಲಿನ ಆಳುಗಳು ಬಂದಿಳಿಯುವ ಹೊತ್ತು ಒಳಗೇ ಇರಲಿ. ರಾತ್ರಿಯಂತೂ ಹೊರಗೆ ಬೇಡವೇ ಬೇಡ, ಚಿರತೆಗೆ ಜಗುಲಿ ಹತ್ತುವುದು ಕಷ್ಟವಲ್ಲ.

ಹೀಗಿದ್ದೂ ಓಡಿಹೋದರೆ ಹಿಂದೆ ಓಡಬೇಡಿ, ಹತ್ತು ಜನ ಸೇರಿ ಕೂಗಬೇಡಿ. ಕೂಗಿದಷ್ಟೂ ದೂರ ಹೋಗುತ್ತದೆ. ಕೊನೆಗೆ ಕಂಡ ಜಾಗದಲ್ಲಿ ಅದು ಮಲಗುತ್ತಿದ್ದ ಗೋಣಿಚೀಲ ಹಾಸಿ, ಬೆಳಗ್ಗೆ ಸಂಜೆ ಒಂದೇ ಹೊತ್ತಿಗೆ ಒಬ್ಬರೇ ಊಟ ಇಟ್ಟು ಬನ್ನಿ.